ಹಲಗೆಯ ಲೆಕ್ಕ

ಸತ್ತವರ ಪುಸ್ತಕ ಸಿಗಲಿಲ್ಲ.
ಇತ್ತಂತೆ. ಶಾಲೆ ಮುಚ್ಚಿದ ವರ್ಷ
ಒಲೆಗೆ ಹೋಯಿತಂತೆ.
ಹಾಗಾಗಿ ಬಡಗಿಕೋಣೆಯ ಖಾತೆ ಓದುತ್ತಿದ್ದೇನೆ.

ನೆಬ್ರಾಸ್ಕದ ಸಣ್ಣ ಊರು, ಕೋರ್ಟಿನ ನೆಲಮಾಳಿಗೆ,
ಬಾಯ್ಲರಿನ ಗೊರಕೆ.
ಮೂವತ್ತೊಂದು ಪೆಟ್ಟಿಗೆ, ಇಲಿ ಕಡಿದ ಅಂಚು,
ಒಬ್ಬನೇ ಗುಮಾಸ್ತನ ದುಂಡು ದುಂಡು ಅಕ್ಷರ:
ಇಷ್ಟು ಚಂದ ಬರೆಯುವವನು
ಸುಳ್ಳು ಬರೆದಾನೆಯೆ ಅನ್ನಿಸುವಂಥದು.

ಧಾರವಾಡದಲ್ಲಿ ನನ್ನ ಸೋದರಮಾವ
ನೋಂದಣಿ ಕಚೇರಿಯ ನಕಲುಗಾರ; ಹೇಳುತ್ತಿದ್ದ:
ಕಾಗದದ ಮಾತು ನಂಬಬೇಡ,
ಕಾಗದದ ಖರ್ಚು ನಂಬು.

ಮಂಚಕ್ಕೆ ಹಲಗೆ. ಹಂದಿಗೂಡಿಗೆ ಹಲಗೆ.
ಕರಿಹಲಗೆಯ ಚೌಕಟ್ಟಿಗೆ ನಾಲ್ಕು ಪಟ್ಟಿ.
ಆಮೇಲೆ, ಯಾತಕ್ಕೆಂದು ಹೇಳದೆ,
ಪೈನ್ ಹಲಗೆ ಆರು, ಉದ್ದ ಮೂರೂವರೆ ಅಡಿ,
ಮೊಳೆ ಎರಡು ಡಜನ್,
ಬಿಳಿ ಬಟ್ಟೆ ಎರಡು ಗಜ.

ಮೇಜಿನಂಚಿಗೆ ಗೇಣು ಹಾಕಿ ನೋಡಿದೆ.
ಐದು ಗೇಣು, ಮೇಲೆ ಎರಡು ಬೆರಳು.

ಕೆಲಸಕ್ಕಿದ್ದವರು: ಹುಡುಗರು, ಇಬ್ಬರು.
ದಿನಕ್ಕೆ ಎರಡು ಸೆಂಟು.
ಅಳತೆ ಯಾರು ತೆಗೆದರೋ.
ಅಳತೆಗೆ ಕರೆದರೆ ಮಕ್ಕಳು ನೆಟ್ಟಗೆ ನಿಲ್ಲುತ್ತವೆ
ಹೊಸ ಅಂಗಿಯೆಂದು.

ವರ್ನಾ ಗ್ರೇವಿಲೋ ಎದುರು ಕೂತಿದ್ದಾಳೆ.
ಎಪ್ಪತ್ತೊಂದು. ಇನ್ನೂರು ಮೈಲು ತಾನೇ ಗಾಡಿ ಓಡಿಸಿಕೊಂಡು,
ಫ್ಲಾಸ್ಕಿನಲ್ಲಿ ತನ್ನದೇ ಕಾಫಿ.
ಅವಳಜ್ಜಿಯ ತಂಗಿ ಏಳು ವರ್ಷಕ್ಕೆ ಇಲ್ಲಿಗೆ ಬಂದವಳು;
ರಿಜಿಸ್ಟರಿನಲ್ಲಿ ಕೋರಾ, ನಂಬರು ನಲವತ್ತೇಳು.
ಹಲಗೆ ಸಾಲದು, ಅಂದಳು. ಇನ್ನೊಂದು ಬೇಕು.

ಇನ್ನೊಂದು ಬೂಟಿನ ಪುಸ್ತಕದಲ್ಲಿತ್ತು.
ನಲವತ್ತೇಳು: ಅಟ್ಟೆ ಹೊಲಿದದ್ದು, ನವೆಂಬರು.
ನಲವತ್ತೇಳು: ಹೊಸ ಲೇಸು, ಜನವರಿ.
ನಲವತ್ತೇಳು: ಉಗ್ರಾಣಕ್ಕೆ ವಾಪಸು, ಫೆಬ್ರವರಿ ಒಂಬತ್ತು.
ನಲವತ್ತೇಳು: ಬೂಟು ಒಂದು ಜೊತೆ, ಫೆಬ್ರವರಿ ಇಪ್ಪತ್ತಾರು,
ಅಳತೆ ನಾಲ್ಕು ಸೈಜು ಹೆಚ್ಚು.

ಮಕ್ಕಳ ಕಾಲು ಬೆಳೆಯುತ್ತದೆ, ಗೊತ್ತು.
ಹದಿನೇಳು ದಿನದಲ್ಲಿ ಹೀಗಲ್ಲ.

ವರ್ನಾ ಕಾಫಿ ಬಗ್ಗಿಸಿಕೊಂಡಳು. ಕುಡಿಯಲಿಲ್ಲ.

ಏಪ್ರಿಲಿನ ಕಾಗದವೊಂದರ ನಕಲು, ತಂದೆಗೆ ಉತ್ತರ:
ನಿಮ್ಮ ಮಗಳು ಕ್ಷೇಮ. ಹೊಲಿಗೆ ಕಲಿಯುತ್ತಿದ್ದಾಳೆ.
ಈ ಬೇಸಿಗೆಗೆ ಕಳಿಸುವುದು ಅನುಕೂಲವಾಗದು.
ಅದೇ ದುಂಡು ಅಕ್ಷರ.

ಹೊರಗೆ, ಜೋಳದ ಕೂಳೆಯ ಹೊಲದಲ್ಲಿ ಹುಡುಗನೊಬ್ಬ
ಹುಲ್ಲು ಕತ್ತರಿಸುವ ಗಾಡಿಯಂಥ ಯಂತ್ರ ನೂಕುತ್ತ
ನಾಲ್ಕು ದಿನದಿಂದ ನೆಲಕ್ಕೆ ಕಿವಿಗೊಟ್ಟಿದ್ದಾನೆ.
ನೂರಾಎಂಬತ್ತು ಎಕರೆ. ಎಲ್ಲಿಂದ ಶುರು ಮಾಡಲಿ ಎಂದು
ದಿನಾ ಫೋನು.

ಕೊನೆಗೆ ಕೂಲಿಯ ಚೀಟಿಗಳ ಕಟ್ಟಿನಲ್ಲಿ, ಫೆಬ್ರವರಿ ಹತ್ತು:
ಸೇಬಿನ ಮರಗಳಾಚೆ, ಪೂರ್ವಕ್ಕೆ, ಗುಂಡಿ ತೋಡಿದ್ದು.
ನೆಲ ಹೆಪ್ಪುಗಟ್ಟಿದ್ದರಿಂದ
ಹೆಚ್ಚುವರಿ ಇಪ್ಪತ್ತೈದು ಸೆಂಟು.

ಮಾವ, ನೀನು ಹೇಳಿದ್ದು ಖರೆ.
ಮಗುವಿನ ಹೆಸರು ಬರೆಯದ ಕೈ
ನೆಲ ಗಟ್ಟಿಯಿತ್ತೆಂದು ಬರೆದಿದೆ.

ನಮೂನೆ ತುಂಬಬೇಕಿತ್ತು.
ಮನೆಯವರು ಕರೆಯುತ್ತಿದ್ದ ಹೆಸರು? ಕೇಳಿದೆ,
ಕಾಗುಣಿತ ಹೇಳಿದರೆ ಬರೆದುಕೊಳ್ಳುತ್ತೇನೆ.
ವರ್ನಾ ನನ್ನ ಪೆನ್ನಿಗೆ ಮುಚ್ಚಳ ಹಾಕಿದಳು.
ಇಲ್ಲಿ ಬೇಡ, ಅಂದಳು.
ಹೊರಗೆ ಹೇಳುತ್ತೇನೆ. ನಿನಗಲ್ಲ.

ಸೇಬಿನ ಮರ ಒಂದೂ ಇಲ್ಲ ಈಗ.
ಹಳೆಯ ನಕ್ಷೆ ಹಿಡಿದು ಹೆಜ್ಜೆ ಎಣಿಸಿ ನಿಂತೆವು.
ಕೊಕ್ಕರೆಗಳು ದಕ್ಷಿಣದಿಂದ ಬರುತ್ತಿದ್ದವು, ವಿಪರೀತ ಗದ್ದಲ;
ವರ್ನಾ ದೂರ ಹೋಗಿ, ಬೆನ್ನು ತಿರುಗಿಸಿ
ಏನೋ ಅಂದಳು. ನನಗೆ ಕೇಳಲಿಲ್ಲ.

ಯಂತ್ರದ ಪರದೆಯಲ್ಲಿ ಬೂದುಬಣ್ಣದ ಕಮಾನೊಂದು ಮೂಡಿತು.
ಬೇರೂ ಇರಬಹುದು, ಅಂದ ಹುಡುಗ. ಕಲ್ಲೂ ಇರಬಹುದು.
ಉದ್ದ ಎಷ್ಟು, ಕೇಳಿದೆ.
ಅವನಿನ್ನೂ ಗುಂಡಿ ಒತ್ತುತ್ತಿದ್ದ.
ಕೋಟಿನ ಜೇಬಿನೊಳಗೆ ನನ್ನ ಕೈ
ತಾನಾಗಿ ಗೇಣು ಬಿಚ್ಚಿತ್ತು.